ಇಥಿಯೋಪಿಯಾದ 1974ರ ಕ್ರಾಂತಿ ಇವತ್ತಿನ ಯುದ್ಧಗಳಲ್ಲಿ ಯಾಕೆ ಇನ್ನೂ ಜೀವಂತವಾಗಿದೆ?

ಮೂಡಿಗೆರೆಯಲ್ಲಿ ನಾಲ್ಕು ಜನ ಬೆಳೆಗಾರರು ಸೇರಿದರೆ ಹೊರದೇಶದ ಸುದ್ದಿ ಬಂದೇ ಬರುತ್ತದೆ. ಬ್ರೆಜಿಲ್‌ನಲ್ಲಿ ಹಿಮ ಬಿತ್ತಾ, ವಿಯೆಟ್ನಾಂನಲ್ಲಿ ಮಳೆ ಆಯ್ತಾ, ಇಥಿಯೋಪಿಯಾದಲ್ಲಿ ಗಲಾಟೆ ನಿಂತಿತಾ. ಎಲ್ಲವೂ ಕೊನೆಗೆ ಕಾಫಿ ರೇಟಿಗೇ ಬಂದು ನಿಲ್ಲುತ್ತದೆ, ಅದು ಸಹಜ. ಆದರೆ ಇಥಿಯೋಪಿಯಾದ ಮಾತು ಬಂದಾಗ ಎಲ್ಲರೂ ಒಂದೇ ಕಾರಣ ಹೇಳುತ್ತಾರೆ: "ಅಲ್ಲಿ ಬುಡಕಟ್ಟು ಜಗಳ ಮಾರಾಯ, ಅದು ಮುಗಿಯೋದಲ್ಲ."

ಈ ಮಾತು ನನಗೆ ಒಪ್ಪಿಗೆಯಿಲ್ಲ. ಬುಡಕಟ್ಟು ಜಗಳ ಅಂದುಬಿಟ್ಟರೆ ಅದು ಯಾವತ್ತಿನಿಂದಲೂ ಇತ್ತು, ಮುಂದೆಯೂ ಇರುತ್ತದೆ, ಅದಕ್ಕೆ ಕಾರಣ ಕೇಳುವ ಅಗತ್ಯವೇ ಇಲ್ಲ ಎಂದ ಹಾಗಾಗುತ್ತದೆ. ನಿಜ ಹಾಗಿಲ್ಲ. ಇವತ್ತು ಅಲ್ಲಿ ಜನ ಸಾಯುತ್ತಿರುವ ಜಗಳಗಳಿಗೆ ಹುಟ್ಟಿದ ವರ್ಷ ಇದೆ, ಸಹಿ ಬಿದ್ದ ಕಾಗದ ಇದೆ, ಕಾನೂನಿನ ಕಲಂ ಇದೆ. ಅವುಗಳ ಬೆನ್ನು ಹಿಡಿದು ಹೋದರೆ 1974ರ ಕ್ರಾಂತಿಗೆ ಬಂದು ನಿಲ್ಲುತ್ತೇವೆ. ಆ ಕ್ರಾಂತಿ ಕೇಳಿದ ಪ್ರಶ್ನೆ ಎಂಥದ್ದು ಅಂದರೆ ನಮ್ಮ ಮಲೆನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನು ಯಾರದ್ದು? ಒಡೆಯನದ್ದಾ, ಉಳುವವನದ್ದಾ, ಸರ್ಕಾರದ್ದಾ?

ಮೊದಲು ಹಳೆಯ ಕಥೆ ಸ್ವಲ್ಪ ತಿಳಿಯಬೇಕು. 19ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್ ಉತ್ತರದಿಂದ ಸೈನ್ಯ ನುಗ್ಗಿಸಿ ದಕ್ಷಿಣದ ಪ್ರದೇಶಗಳನ್ನು ಗೆದ್ದ. ಕಾಫಿ ಬೆಳೆಯುವ ಕಫ, ಸಿಡಾಮ ಎಲ್ಲ ಹೀಗೆ ಸಾಮ್ರಾಜ್ಯಕ್ಕೆ ಸೇರಿದವು. ಸೈನಿಕರಿಗೆ, ಅಧಿಕಾರಿಗಳಿಗೆ ಸಂಬಳದ ಬದಲು ಗೆದ್ದ ಜಮೀನನ್ನು, ಆ ಜಮೀನಿನ ಮೇಲಿದ್ದ ರೈತರ ದುಡಿಮೆಯನ್ನು ಹಂಚಲಾಯಿತು. ಅಲ್ಲಿಯವರೆಗೆ ತಮ್ಮದೇ ನೆಲದಲ್ಲಿದ್ದವರು ರಾತ್ರೋರಾತ್ರಿ ಗೇಣಿದಾರರಾದರು. ಬೆಳೆಯ ಅರ್ಧ, ಕೆಲವು ಕಡೆ ಅದಕ್ಕೂ ಜಾಸ್ತಿ, ಒಡೆಯನಿಗೆ ಹೋಗುತ್ತಿತ್ತು. ಒಡೆಯನ ಭಾಷೆ ಅಮ್ಹಾರಿಕ್, ಧರ್ಮ ಆರ್ಥೊಡಾಕ್ಸ್ ಕ್ರೈಸ್ತ. ಗೇಣಿದಾರ ಒರೊಮೊ, ಸಿಡಾಮ, ವೊಲಾಯ್ತ ಇನ್ನೇನೋ. ಉತ್ತರದ ಅಮ್ಹಾರಾ, ತಿಗ್ರಾಯ್ ಕಡೆ ವ್ಯವಸ್ಥೆ ಬೇರೆ ಇತ್ತು. ಅಲ್ಲಿ ವಂಶದ ಹಕ್ಕಿನಿಂದ ರೈತನಿಗೆ ಜಮೀನಿನಲ್ಲಿ ಪಾಲು ಸಿಗುತ್ತಿತ್ತು, ಹಾಗಂತ ಅವನೇನೂ ಸುಖವಾಗಿರಲಿಲ್ಲ, ಕಂದಾಯ ಕಾಣಿಕೆ ಎಂದು ಅವನನ್ನೂ ಹಿಂಡುತ್ತಿದ್ದರು.

ಇಲ್ಲೊಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ದಕ್ಷಿಣದಲ್ಲಿ ಜಮೀನಿನ ಗೆರೆ ಮತ್ತು ಭಾಷೆಯ ಗೆರೆ ಒಂದರ ಮೇಲೊಂದು ಬಿದ್ದಿದ್ದವು. ಒಡೆಯನ ಮೇಲಿನ ಸಿಟ್ಟು ಅವನ ಜನಾಂಗದ ಮೇಲಿನ ಸಿಟ್ಟೂ ಆಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಮುಂದಿನ ಅರ್ಧ ಶತಮಾನದ ಇಥಿಯೋಪಿಯಾ ರಾಜಕೀಯವೆಲ್ಲ ಈ ಎರಡು ಗೆರೆಗಳನ್ನು ಬಿಡಿಸಲು ಹೋಗಿ ಇನ್ನಷ್ಟು ಬಿಗಿ ಮಾಡಿದ ಕಥೆ ಎನ್ನುವುದು ನನ್ನ ಅಭಿಪ್ರಾಯ.

ಈ ಸಿಟ್ಟಿಗೆ ಮಾತು ಕೊಟ್ಟವರು ವಿದ್ಯಾರ್ಥಿಗಳು. 1965ರ ಫೆಬ್ರವರಿಯಲ್ಲಿ ಅಡಿಸ್ ಅಬಾಬದ ವಿಶ್ವವಿದ್ಯಾಲಯದ ಹುಡುಗರು "ಭೂಮಿ ಉಳುವವನಿಗೆ" ಎಂದು ಕೂಗುತ್ತಾ ಸಂಸತ್ತಿಗೆ ಮೆರವಣಿಗೆ ಹೋದರು. ಆ ಹೊತ್ತಿಗೆ ನಮ್ಮ ಕಡೆ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ 14 ವರ್ಷ ಕಳೆದಿತ್ತು. 1969ರ ನವೆಂಬರಿನಲ್ಲಿ ವಲೆಲೀನ್ ಮೆಕೊನ್ನೆನ್ ಎಂಬ ವಿದ್ಯಾರ್ಥಿ ಇನ್ನೊಂದು ಬಾಂಬ್ ಹಾಕಿದ. ಇಥಿಯೋಪಿಯಾ ಒಂದು ರಾಷ್ಟ್ರವೇ ಅಲ್ಲ, ಹತ್ತಾರು ರಾಷ್ಟ್ರೀಯತೆಗಳ ಮೇಲೆ ಅಮ್ಹಾರಾ ಮೇಲ್ವರ್ಗದ ಹೇರಿಕೆ ಅದು, ಬೇಕಾದವರಿಗೆ ಬೇರೆ ಹೋಗುವ ಹಕ್ಕೂ ಇರಬೇಕು ಎಂದು ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಬರೆದ. ಅವನು ಸ್ವತಃ ಅಮ್ಹಾರಾ ಕುಟುಂಬದವನು. 1972ರಲ್ಲಿ ವಿಮಾನ ಅಪಹರಣಕ್ಕೆ ಹೋಗಿ ಸತ್ತ. ಆದರೆ ಆ ಕೆಲವೇ ಪುಟಗಳ ಬರಹ ಇವತ್ತಿಗೂ ಅಲ್ಲಿ ಜಗಳಕ್ಕೆ ಕಾರಣ. ಕೆಲವರಿಗೆ ಅವನು ದಾರಿ ತೋರಿಸಿದವನು, ಕೆಲವರಿಗೆ ದೇಶ ಒಡೆದವನು.

ಆ ಒಂದೇ ಕ್ಯಾಂಪಸ್ಸಿನಿಂದ ಯಾರ್ಯಾರು ಹೊರಟರು ನೋಡಿ. ಆಗ ಇಥಿಯೋಪಿಯಾದ ಭಾಗವಾಗಿದ್ದು ಈಗ ಬೇರೆ ದೇಶವಾಗಿರುವ ಎರಿಟ್ರಿಯಾವನ್ನು 1991ರಿಂದ ಇವತ್ತಿನವರೆಗೂ ಆಳುತ್ತಿರುವ ಇಸಯಾಸ್ ಅಫ್ವೆರ್ಕಿ ಅಲ್ಲಿ ಓದಿ ಬಿಟ್ಟುಹೋದವರು. 1991ರಿಂದ 2012ರಲ್ಲಿ ಸಾಯುವವರೆಗೆ ಇಥಿಯೋಪಿಯಾವನ್ನು ಆಳಿದ ಮೆಲೆಸ್ ಜೆನಾವಿ ಅಲ್ಲಿ ಡಾಕ್ಟರ್ ಓದು ಅರ್ಧಕ್ಕೆ ಬಿಟ್ಟು ಕಾಡಿಗೆ ಹೋದವರು. ಅವರ ವಿರುದ್ಧ ನಿಂತ ಎಡ ಪಕ್ಷಗಳ ನಾಯಕರೂ ಅದೇ ವಿದ್ಯಾರ್ಥಿ ಚಳವಳಿಯ ಮಕ್ಕಳು. ಒಬ್ಬರನ್ನೊಬ್ಬರು ಕೊಂದ ಈ ಗುಂಪುಗಳೆಲ್ಲ ಎರಡು ಪ್ರಶ್ನೆಗಳ ಬಗ್ಗೆ ಮಾತ್ರ ಒಂದೇ ಮಾತನ್ನಾಡುತ್ತಿದ್ದವು. ಒಂದು ಭೂಮಿ, ಇನ್ನೊಂದು ರಾಷ್ಟ್ರೀಯತೆ.

ಕ್ರಾಂತಿ ಮಾತ್ರ ಆಗಿದ್ದು ಹಸಿವಿನಿಂದ. 1972-73ರಲ್ಲಿ ವೊಲ್ಲೊ ಪ್ರಾಂತ್ಯದಲ್ಲಿ ಬರ ಬಿದ್ದು ಹತ್ತಾರು ಸಾವಿರ ಜನ ಸತ್ತರು. ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಅದನ್ನು ಮುಚ್ಚಿಟ್ಟಿತು. 1973ರ ಅಕ್ಟೋಬರಿನಲ್ಲಿ ಬ್ರಿಟಿಷ್ ಟಿವಿಯಲ್ಲಿ ಆ ಬರದ ಚಿತ್ರಗಳು ಬಂದ ಮೇಲೆ ಮುಚ್ಚಿಡಲು ಆಗಲಿಲ್ಲ. 1974ರ ಜನವರಿಯಲ್ಲಿ ದಕ್ಷಿಣದ ನೆಗೆಲೆ ಎಂಬಲ್ಲಿ ಸೈನಿಕರು ಊಟ, ನೀರು ಸರಿಯಿಲ್ಲ ಎಂದು ದಂಗೆ ಎದ್ದರು. ಫೆಬ್ರವರಿಯಲ್ಲಿ ಪೆಟ್ರೋಲ್ ಬೆಲೆ ಏರಿತೆಂದು ರಾಜಧಾನಿಯ ಟ್ಯಾಕ್ಸಿಯವರು ಮುಷ್ಕರ ಹೂಡಿದರು, ಮೇಷ್ಟ್ರುಗಳು ಸೇರಿಕೊಂಡರು. ಏಪ್ರಿಲಿನಲ್ಲಿ ಮುಸ್ಲಿಮರು ಸಮಾನತೆ ಕೇಳಿ ರಾಜಧಾನಿಯಲ್ಲಿ ದೊಡ್ಡ ಮೆರವಣಿಗೆ ತೆಗೆದರು. ಜೂನಿನಲ್ಲಿ ಸುಮಾರು 120 ಜನ ಸೈನಿಕರು, ಮೇಜರ್ ದರ್ಜೆಗಿಂತ ಮೇಲಿನವರು ಯಾರೂ ಇಲ್ಲದ ಒಂದು ಸಮಿತಿ ಕಟ್ಟಿಕೊಂಡರು. ಅದೇ ದೆರ್ಗ್. ಸೆಪ್ಟೆಂಬರ್ 12ರಂದು ಮುದುಕ ಚಕ್ರವರ್ತಿಯನ್ನು ಅರಮನೆಯಿಂದ ಒಂದು ಸಣ್ಣ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅದರ ಹಿಂದಿನ ರಾತ್ರಿ ಟಿವಿಯಲ್ಲಿ ಬರದ ಚಿತ್ರಗಳ ನಡುವೆ ಅರಮನೆಯ ಔತಣದ ಚಿತ್ರಗಳನ್ನು ಸೇರಿಸಿ ದೇಶಕ್ಕೆಲ್ಲ ತೋರಿಸಿದ್ದರು.

ಅದೇ 1974. ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಗೇಣಿದಾರ ಫಾರಂ 7 ತುಂಬಿ ಡಿಕ್ಲರೇಷನ್ ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು, ಸಾಬೀತಾದರೆ ಅವನ ಹೆಸರಿಗೆ ಪಹಣಿ. ಒಡೆಯನಿಗೆ ಪರಿಹಾರ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆ ಡಿಕ್ಲರೇಷನ್ ಕೇಸುಗಳ ಫೈಲುಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಈಗಲೂ ಇವೆ. ಇನ್ನೊಂದು ವಿಷಯವೂ ನಮಗೆ ಗೊತ್ತು, ಅದನ್ನು ಜೋರಾಗಿ ಹೇಳುವವರು ಕಡಿಮೆ. ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳಿಗೆ ಆ ಕಾಯ್ದೆಯ ಭೂಮಿತಿ ಅನ್ವಯಿಸಲಿಲ್ಲ. ಗದ್ದೆಯ ಗೇಣಿದಾರ ಒಡೆಯನಾದ. ಎಸ್ಟೇಟಿನ ಲೈನ್ ಮನೆಯಲ್ಲಿದ್ದ ಕೂಲಿ ಕುಟುಂಬ ಲೈನಿನಲ್ಲೇ ಉಳಿಯಿತು.

ಇಥಿಯೋಪಿಯಾದ ಸೈನಿಕರು ಹಿಡಿದ ದಾರಿ ಬೇರೆ. 1975ರ ಮಾರ್ಚ್ 4ರಂದು, ಅಂದರೆ ನಮ್ಮ ಕಾಯ್ದೆ ಬಂದು ಒಂದು ವರ್ಷ ಮೂರು ದಿನಕ್ಕೆ, ಒಂದೇ ಘೋಷಣೆಯಲ್ಲಿ ದೇಶದ ಗ್ರಾಮೀಣ ಭೂಮಿಯನ್ನೆಲ್ಲ ಸರ್ಕಾರದ್ದು ಮಾಡಿದರು. ಜಮೀನಿಗೆ ಪರಿಹಾರ ಇಲ್ಲ. ವಿನಾಯಿತಿಯೂ ಇಲ್ಲ. ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 25 ಎಕರೆ, ಉಳುಮೆ ಮಾಡುವ ಹಕ್ಕು. ಮಾರುವಂತಿಲ್ಲ, ಅಡವಿಡುವಂತಿಲ್ಲ, ಗೇಣಿಗೆ ಕೊಡುವಂತಿಲ್ಲ. ವಯಸ್ಸಾದವರು, ಬೇರೆ ದಿಕ್ಕಿಲ್ಲದ ಹೆಂಗಸರಂಥವರನ್ನು ಬಿಟ್ಟರೆ ಕೂಲಿ ಇಟ್ಟುಕೊಂಡು ಸಾಗುವಳಿ ಮಾಡುವಂತೆಯೂ ಇಲ್ಲ. ದೊಡ್ಡ ಕಾಫಿ ತೋಟಗಳು ಸರ್ಕಾರಿ ಫಾರಂಗಳಾದವು. ಈ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸಲು ಸುಮಾರು 60,000 ವಿದ್ಯಾರ್ಥಿಗಳು, ಮೇಷ್ಟ್ರುಗಳನ್ನು ಊರೂರಿಗೆ ಕಳಿಸಿದರು. ಸಕಲೇಶಪುರದ ಎಸ್ಟೇಟಿಗೆ ಒಂದು ಬೆಳಿಗ್ಗೆ ಕಾಲೇಜು ಹುಡುಗರ ಗುಂಪು ಬಂದು, ಇವತ್ತಿನಿಂದ ಈ ತೋಟ ಯಾರಿಗೂ ಸೇರಿದ್ದಲ್ಲ, ಮೀಟಿಂಗಿಗೆ ಬನ್ನಿ ಎಂದು ಕೂಲಿಯವರನ್ನು ಕರೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಆ ದಿನ ದಕ್ಷಿಣದ ರೈತನಿಗೆ ಸಿಕ್ಕಿದ್ದು ಸಣ್ಣದಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ದೆರ್ಗ್ ಮುಂದೆ ಮಾಡಿದ ಕ್ರೌರ್ಯಗಳನ್ನು ನೋಡಿ ಈ ಘೋಷಣೆಯನ್ನೂ ಸುಮ್ನೆ ಸರ್ವಾಧಿಕಾರಿಗಳ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ತಲೆತಲಾಂತರದಿಂದ ಬೆಳೆಯ ಅರ್ಧ ಹೊತ್ತುಕೊಂಡು ಹೋಗಿ ಒಡೆಯನ ಕಣಜಕ್ಕೆ ಸುರಿಯುತ್ತಿದ್ದವನಿಗೆ ಆ ವರ್ಷ ಬೆಳೆ ಪೂರ್ತಿ ಮನೆಯಲ್ಲೇ ಉಳಿಯಿತು. ಒಡೆಯನ ಮನೆಯ ಬಿಟ್ಟಿ ಕೆಲಸ ನಿಂತಿತು. ಇವತ್ತಿಗೂ ಒರೊಮೊ ಜನರ ರಾಜ್ಯವಾದ ಒರೊಮಿಯದ ಹಳ್ಳಿಯಲ್ಲಿ ದೆರ್ಗ್‌ನ ನಾಯಕ ಮೆಂಗಿಸ್ಟುವನ್ನು ಶಪಿಸುವವರೂ 1975ರ ಘೋಷಣೆಯನ್ನು ವಾಪಸ್ ತೆಗೆಯಿರಿ ಎನ್ನುವುದಿಲ್ಲ. ಆ ದೇಶದಲ್ಲಿ ಆಮೇಲೆ ಬಂದ ಯಾವ ಸರ್ಕಾರಕ್ಕೂ ಹಳೆಯ ಒಡೆಯರನ್ನು ಮರಳಿ ಕರೆಯುವ ಧೈರ್ಯ ಬರಲಿಲ್ಲ.

ಆದರೆ ಒಡೆಯ ಹೋದ ಜಾಗಕ್ಕೆ ಬಂದು ಕೂತಿದ್ದು ಸರ್ಕಾರ. ಹಳ್ಳಿಗಳಲ್ಲಿ ಸುಮಾರು 800 ಹೆಕ್ಟೇರಿಗೆ ಒಂದು ರೈತ ಸಂಘ, ಪಟ್ಟಣಗಳಲ್ಲಿ ಬೀದಿ ಬೀದಿಗೆ ಕೆಬೆಲೆ ಎಂಬ ಸಮಿತಿ. ಮೊದಲಿಗೆ ಇವು ಜನರ ಕೈಗೆ ಸಿಕ್ಕ ಅಧಿಕಾರ ಅನ್ನಿಸಿದ್ದವು. ಎರಡು ವರ್ಷ ಕಳೆಯುವಷ್ಟರಲ್ಲಿ ಜನರ ಮೇಲಿನ ಕಣ್ಣಾದವು. 1977ರ ಫೆಬ್ರವರಿಯಲ್ಲಿ ಮೆಂಗಿಸ್ಟು ಹೈಲೆ ಮರಿಯಂ ತನ್ನ ಎದುರಾಳಿಗಳನ್ನು ಕೊಂದು ಪೂರ್ತಿ ಅಧಿಕಾರ ಹಿಡಿದ. ಕೆಂಪು ಭಯೋತ್ಪಾದನೆ ಎಂದು ಅವರೇ ಹೆಸರಿಟ್ಟು ನಡೆಸಿದ ಹತ್ಯೆಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಇದೇ "ಭೂಮಿ ಉಳುವವನಿಗೆ" ಎಂದು ಕೂಗಿದ ಪೀಳಿಗೆಯ ಓದಿದ ಹುಡುಗ ಹುಡುಗಿಯರು. ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಪಟ್ಟಿ ಕೊಟ್ಟಿದ್ದು ಕೆಬೆಲೆಗಳು. ಹಳ್ಳಿಯಲ್ಲಿ ಸರ್ಕಾರಿ ನಿಗಮ ಹೇಳಿದ ಕಡಿಮೆ ಬೆಲೆಗೆ ಧಾನ್ಯದ ಕೋಟಾ ಕೊಡಬೇಕಾಯಿತು. ಒಡೆಯನಿಗೆ ಅಳೆಯುವುದು ತಪ್ಪಿ ಸರ್ಕಾರಕ್ಕೆ ಅಳೆಯುವುದು ಶುರುವಾಯಿತು.

ದೆರ್ಗ್ 1991ರಲ್ಲಿ ಬಿತ್ತು. ಮೆಂಗಿಸ್ಟು ಮೇ 21ಕ್ಕೆ ಜಿಂಬಾಬ್ವೆಗೆ ಓಡಿಹೋದ. ಕೆಬೆಲೆ ಬೀಳಲಿಲ್ಲ. ಇವತ್ತಿಗೂ ಇಥಿಯೋಪಿಯಾದ ಆಡಳಿತದ ಕಟ್ಟಕಡೆಯ ಮೆಟ್ಟಿಲು ಅದೇ. ಗುರುತಿನ ಚೀಟಿ, ಗೊಬ್ಬರ, ಬರದ ಪರಿಹಾರ, ಜಮೀನಿನ ವ್ಯಾಜ್ಯ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಚಕ್ರವರ್ತಿಯ ಕಾಲದಲ್ಲಿ ರಾಜಧಾನಿಯ ಆಜ್ಞೆ ಹಳ್ಳಿಗೆ ಮುಟ್ಟುವಷ್ಟರಲ್ಲಿ ತೆಳ್ಳಗಾಗಿರುತ್ತಿತ್ತು. ಕ್ರಾಂತಿಯ ನಂತರ ಅಧಿಕಾರದಲ್ಲಿ ಯಾರೇ ಇರಲಿ, ಅವರ ಕೈ ಪ್ರತಿ ಮನೆಯ ಬಾಗಿಲವರೆಗೆ ಹೋಗುತ್ತದೆ. ಕ್ರಾಂತಿ ಬಿಟ್ಟುಹೋದ ಆಸ್ತಿಗಳಲ್ಲಿ ಇದರ ಬಗ್ಗೆ ಚರ್ಚೆ ಬಹಳ ಕಡಿಮೆ, ಪರಿಣಾಮ ಬಹಳ ಜಾಸ್ತಿ.

ದೆರ್ಗನ್ನು ಸೋಲಿಸಿ ಬಂದವರು ತಿಗ್ರಾಯ್ ಜನ ವಿಮೋಚನಾ ರಂಗದ ನೇತೃತ್ವದ ಮೈತ್ರಿಕೂಟ. ದೆರ್ಗ್ ಮಾಡಿದ್ದನ್ನೆಲ್ಲ ಅಳಿಸುತ್ತೇವೆ ಎಂದವರು ಭೂಮಿಯನ್ನು ಮಾತ್ರ ಸರ್ಕಾರದ ಕೈಯಲ್ಲೇ ಇಟ್ಟುಕೊಂಡರು. 1995ರಲ್ಲಿ ಜಾರಿಗೆ ಬಂದ ಸಂವಿಧಾನದ 40ನೇ ಕಲಂ ಪ್ರಕಾರ ಭೂಮಿಯ ಒಡೆತನ ಸರ್ಕಾರದ್ದು ಮತ್ತು ಇಥಿಯೋಪಿಯಾದ ಜನರದ್ದು, ಅದು ದೇಶದ ರಾಷ್ಟ್ರ ರಾಷ್ಟ್ರೀಯತೆಗಳ ಸಮಾನ ಆಸ್ತಿ, ಮಾರುವಂತಿಲ್ಲ. ಇದಕ್ಕೆ ಅವರು ಕೊಟ್ಟ ಕಾರಣವನ್ನು ತಳ್ಳಿಹಾಕಲಾಗದು. ಮಾರುವ ಹಕ್ಕು ಕೊಟ್ಟರೆ ಒಂದು ಬರ ಬಿದ್ದ ವರ್ಷ ಬಡ ರೈತ ಹೊಟ್ಟೆಗಾಗಿ ಜಮೀನು ಮಾರುತ್ತಾನೆ, ದುಡ್ಡಿದ್ದವನು ಕೊಳ್ಳುತ್ತಾನೆ, ಹತ್ತು ವರ್ಷದಲ್ಲಿ ಹಳೆಯ ಒಡೆತನ ಹೊಸ ಹೆಸರಿನಲ್ಲಿ ವಾಪಸ್. ನಮ್ಮ ರಾಜ್ಯದಲ್ಲಿ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಗ ರೈತ ಸಂಘಟನೆಗಳು ಎತ್ತಿದ ಆತಂಕವೂ ಇದೇ ಅಲ್ವಾ?

ಹಾಗಾದರೆ ತೊಂದರೆ ಎಲ್ಲಿ? ಅದು ಗೊತ್ತಾಗಲು ನಮ್ಮ ಬಗರ್ ಹುಕುಂ ರೈತನನ್ನು ನೆನಪಿಸಿಕೊಂಡರೆ ಸಾಕು. ಉಳುತ್ತಾನೆ, ಬೆಳೆಯುತ್ತಾನೆ, ಮನೆಯನ್ನೂ ಕಟ್ಟಿಕೊಂಡಿರುತ್ತಾನೆ. ಫಾರಂ 50, 53, 57 ಎಂದು ಅರ್ಜಿ ಹಾಕುತ್ತಲೇ ಇರುತ್ತಾನೆ. ಸಾಗುವಳಿ ಚೀಟಿ ಕೈಗೆ ಬರುವವರೆಗೆ ಯಾವ ಸರ್ಕಾರ ಬಂದರೂ ಅವನಿಗೆ ಹೆದರಿಕೆ ತಪ್ಪಿದ್ದಲ್ಲ. ಒತ್ತುವರಿ ತೆರವು ಎಂಬ ಮಾತು ಬಂದರೆ ರಾತ್ರಿ ನಿದ್ದೆ ಇಲ್ಲ. ಚುನಾವಣೆ ಬಂದಾಗ ಅವನ ಮತ ಯಾರ ಕೈಯಲ್ಲಿ ಚೀಟಿ ಇದೆಯೋ ಅವರ ಕಡೆ ವಾಲುತ್ತದೆ. ಇಥಿಯೋಪಿಯಾದಲ್ಲಿ ಒಂದು ಇಡೀ ದೇಶದ ರೈತರು 1975ರಿಂದ ಹೆಚ್ಚು ಕಡಿಮೆ ಹೀಗೇ ಬದುಕುತ್ತಿದ್ದಾರೆ. 2000ದ ಆಸುಪಾಸಿನಿಂದ ಹಿಡುವಳಿ ಪ್ರಮಾಣಪತ್ರ ಕೊಡುವ ಕೆಲಸ ಶುರುವಾಯಿತು, ಅದರಿಂದ ಧೈರ್ಯ ಬಂತು, ಹೆಂಡತಿಯ ಹೆಸರೂ ಪತ್ರದಲ್ಲಿ ಸೇರಿತು. ಆದರೂ ಊರು ಬಿಟ್ಟು ಬಹಳ ವರ್ಷ ಹೊರಗಿದ್ದರೆ ಹಕ್ಕು ಹೋಗುತ್ತದೆ ಎಂಬಂಥ ನಿಯಮಗಳು ಹಲವು ಕಡೆ ಉಳಿದವು. 1997ರಲ್ಲಿ ಅಮ್ಹಾರಾ ರಾಜ್ಯದಲ್ಲಿ ಜಮೀನನ್ನು ಮರುಹಂಚಿಕೆ ಮಾಡಿದಾಗ ಹಳೆಯ ದೆರ್ಗ್ ಕಾಲದ ಗ್ರಾಮ ಪದಾಧಿಕಾರಿಗಳು ಎಂದು ಹೆಸರಿಟ್ಟು ಅಂಥವರ ಜಮೀನನ್ನು ಕಡಿತ ಮಾಡಿದರು. ರಾಜಕೀಯವಾಗಿ ಯಾರ ಜೊತೆ ಇದ್ದೆ ಎನ್ನುವುದರ ಮೇಲೆ ಜಮೀನು ನಿಂತಿದೆ ಎಂದು ಹಳ್ಳಿಯವರಿಗೆ ಅರ್ಥವಾಗಲು ಅಷ್ಟು ಸಾಕಿತ್ತು.

ಇನ್ನೊಂದು ಕಡೆ, ಎಲ್ಲ ಭೂಮಿ ತನ್ನದೇ ಎಂದಾದಾಗ ಸರ್ಕಾರ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. 2008ರ ನಂತರ ಅದೇ ಆಯಿತು. ಗಂಬೆಲ್ಲ ಎಂಬ ಪಶ್ಚಿಮದ ರಾಜ್ಯದಲ್ಲಿ ವಿದೇಶಿ ಕಂಪನಿಗಳಿಗೆ ದೊಡ್ಡ ದೊಡ್ಡ ಗುತ್ತಿಗೆ ಕೊಟ್ಟರು. ಅದರಲ್ಲಿ ನಮ್ಮ ಬೆಂಗಳೂರಿನ ಗುಲಾಬಿ ಹೂವಿನ ಕಂಪನಿಯೊಂದಕ್ಕೆ ಸಿಕ್ಕಿದ್ದು 1 ಲಕ್ಷ ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಲಕ್ಷ ಎಕರೆ. ನೆರೆಯಲ್ಲಿ ಬೆಳೆ ಮುಳುಗಿತು, ಅಂದುಕೊಂಡಷ್ಟು ಸಾಗುವಳಿ ಆಗಲಿಲ್ಲ, 2015ರ ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅಷ್ಟರಲ್ಲಿ ಅಲ್ಲಿನ ಅನುವಾಕ್ ಜನ ತಮ್ಮ ಕಾಡು, ನದಿ ದಡಗಳ ಬಗ್ಗೆ ಕೇಳಿದ ಪ್ರಶ್ನೆಗಳು ಹಾಗೇ ಉಳಿದವು. ಬೆಂಗಳೂರಿನ ಪತ್ರಿಕೆಗಳಲ್ಲಿ ಇದು ಬಂದಿದ್ದು ಹೆಚ್ಚಾಗಿ ವ್ಯಾಪಾರದ ಪುಟದಲ್ಲಿ.

ಈಗ ಇವತ್ತಿನ ಪ್ರಧಾನಿ ಅಬಿ ಅಹ್ಮದ್ ಅಧಿಕಾರಕ್ಕೆ ಹೇಗೆ ಬಂದರು ನೋಡಿ. 2014ರಲ್ಲಿ ಅಡಿಸ್ ಅಬಾಬ ನಗರವನ್ನು ಸುತ್ತಲಿನ ಒರೊಮಿಯದ ಹಳ್ಳಿಗಳಿಗೆ ವಿಸ್ತರಿಸುವ ಮಾಸ್ಟರ್ ಪ್ಲಾನ್ ಹೊರಬಂತು. ಬೆಂಗಳೂರಿನ ಸುತ್ತ ಏನಾಯಿತು ಎಂದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ದೇವನಹಳ್ಳಿಯ ರೈತ ಕೊನೆಗೆ ಬೆಲೆ ಕೇಳಿ ಜಗಳವಾಡಬಹುದು. ಅಲ್ಲಿಯ ರೈತನಿಗೆ ಜಮೀನಿನ ಬೆಲೆಯೇ ಇಲ್ಲ, ಅದು ಅವನದ್ದಲ್ಲವಲ್ಲ, ಸಿಗುವುದು ಬೆಳೆಗೆ, ಮರಮಟ್ಟಿಗೆ ಪರಿಹಾರ ಮಾತ್ರ. ಒರೊಮೊ ವಿದ್ಯಾರ್ಥಿಗಳು ಬೀದಿಗಿಳಿದರು. 2015ರ ನವೆಂಬರಿನಲ್ಲಿ ಗಿಂಚಿ ಎಂಬ ಸಣ್ಣ ಊರಿನಿಂದ ಮತ್ತೆ ಎದ್ದ ಪ್ರತಿಭಟನೆ ಇಡೀ ಒರೊಮಿಯಕ್ಕೆ ಹಬ್ಬಿತು. ನೂರಾರು ಜನ ಗುಂಡಿಗೆ ಬಲಿಯಾದರು. 2016ರ ಜನವರಿಯಲ್ಲಿ ಪ್ಲಾನ್ ಕೈಬಿಟ್ಟರೂ ಸಿಟ್ಟು ಇಳಿಯಲಿಲ್ಲ. 2018ರ ಫೆಬ್ರವರಿಯಲ್ಲಿ ಪ್ರಧಾನಿ ಹೈಲೆಮರಿಯಂ ದೆಸಲೆನ್ ರಾಜೀನಾಮೆ ಕೊಟ್ಟರು, ಏಪ್ರಿಲ್ 2ಕ್ಕೆ ಅಬಿ ಬಂದರು. ದೆರ್ಗನ್ನು ಸೋಲಿಸಿದ ಮೈತ್ರಿಕೂಟದ 27 ವರ್ಷದ ಆಳ್ವಿಕೆಯನ್ನು ಅಲ್ಲಾಡಿಸಿದ್ದು ಜಮೀನಿನ ಪ್ರಶ್ನೆ. ಚಕ್ರವರ್ತಿಯನ್ನು ಕೆಡವಿದ್ದರಲ್ಲೂ ಅದರ ಪಾಲಿತ್ತು.

ರಾಷ್ಟ್ರೀಯತೆಯ ಪ್ರಶ್ನೆಗೆ ಬರೋಣ. ವಲೆಲೀನ್ ಬರೆದಿದ್ದು 1995ರ ಸಂವಿಧಾನದ 39ನೇ ಕಲಂ ಆಗಿ ಬಂತು. ಪ್ರತಿ ರಾಷ್ಟ್ರೀಯತೆಗೂ ಸ್ವಯಂ ಆಡಳಿತದ ಹಕ್ಕು, ಬೇಕಾದರೆ ಬೇರೆ ದೇಶವಾಗುವ ಹಕ್ಕು. ಅದಕ್ಕೆ ಮೊದಲೇ 1993ರಲ್ಲಿ ಎರಿಟ್ರಿಯಾ ಜನಮತ ನಡೆಸಿ ಬೇರೆಯಾಗಿತ್ತು. ಒರೊಮೊ ಮಕ್ಕಳು ಮೊದಲ ಬಾರಿಗೆ ತಮ್ಮ ಭಾಷೆಯಲ್ಲಿ ಶಾಲೆ ಓದಿದರು. ಚಕ್ರವರ್ತಿಯ ಕಾಲದಲ್ಲಿ ದೇಶದ ಅತಿ ದೊಡ್ಡ ಜನಾಂಗದ ಭಾಷೆಗೆ ಶಾಲೆಯಲ್ಲಿ, ಕೋರ್ಟಿನಲ್ಲಿ ಜಾಗವೇ ಇರಲಿಲ್ಲ ಎನ್ನುವುದನ್ನು ನೆನೆದರೆ ಇದು ದೊಡ್ಡ ಗೆಲುವು. ಏಕೀಕರಣದ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಆ ಸಂತೋಷ ಅರ್ಥವಾಗುತ್ತದೆ.

ಈಗ 39 ಮತ್ತು 40ನ್ನು ಒಟ್ಟಿಗೆ ಇಟ್ಟು ಓದಿ. ಭೂಮಿ ರಾಷ್ಟ್ರೀಯತೆಗಳ ಆಸ್ತಿ. ರಾಜ್ಯಗಳು ರಾಷ್ಟ್ರೀಯತೆಗಳಿಗೆ ಸೇರಿದ್ದು. ಹಾಗಾದರೆ ಒರೊಮಿಯದಲ್ಲಿ ತಲೆಮಾರಿನಿಂದ ಉಳುತ್ತಿರುವ ಅಮ್ಹಾರಾ ರೈತನ ಜಮೀನು ಯಾರದ್ದು? ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಸಮಾಧಾನದ ಉತ್ತರ ಇರಬಹುದು. ಹಳ್ಳಿಯಲ್ಲಿ ಸಿಕ್ಕ ಉತ್ತರ, ನೀನು ಹೊರಗಿನವನು. ಜಮೀನು ಮಾರಿ ಕೊಳ್ಳುವ ಆಸ್ತಿಯಾಗಿದ್ದರೆ ಅವನ ಕೈಯಲ್ಲಿ ಒಂದು ಕ್ರಯಪತ್ರವಾದರೂ ಇರುತ್ತಿತ್ತು. ಈಗ ಅವನಿಗಿರುವ ಹಕ್ಕು ಅಲ್ಲಿನ ಆಡಳಿತದ ಒಪ್ಪಿಗೆ ಅಷ್ಟೇ, ಆ ಆಡಳಿತ ಇನ್ನೊಂದು ಜನಾಂಗದ ಹೆಸರಿನಲ್ಲಿ ನಡೆಯುತ್ತದೆ. ಜನಾಂಗ ಭೇದ ಮೊದಲೂ ಇತ್ತು, ಇಲ್ಲ ಅನ್ನುತ್ತಿಲ್ಲ. ಅದಕ್ಕೆ ಜಮೀನನ್ನು ಗಂಟು ಹಾಕಿದ್ದು ಈ ಎರಡು ಕಲಂಗಳು.

ಒರೊಮಿಯದ ಪಶ್ಚಿಮದಲ್ಲಿರುವ ವೊಲ್ಲೆಗದಲ್ಲಿ ಆಗಿದ್ದನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. 1984-85ರ ಭೀಕರ ಬರದಲ್ಲಿ ದೆರ್ಗ್ ಸರ್ಕಾರ ಉತ್ತರದ ವೊಲ್ಲೊ, ತಿಗ್ರಾಯ್ ಕಡೆಯಿಂದ ಸುಮಾರು 6 ಲಕ್ಷ ಜನರನ್ನು ಎತ್ತಿ ಪಶ್ಚಿಮ, ನೈಋತ್ಯದ ಹಸಿರು ಪ್ರದೇಶಗಳಿಗೆ ಸಾಗಿಸಿತು. ಹಲವರನ್ನು ಬಲವಂತದಿಂದ. ಭೂಮಿ ಸರ್ಕಾರದ್ದು, ಹಾಗಾಗಿ ಅಲ್ಲಿದ್ದ ಒರೊಮೊ ಜನರನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಬಂದವರು ಕಾಡು ಕಡಿದು ಉತ್ತರು, ಮನೆ ಕಟ್ಟಿದರು, ಮಕ್ಕಳು ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. 2022ರ ಜೂನಿನಲ್ಲಿ ಪಶ್ಚಿಮ ವೊಲ್ಲೆಗದ ಗಿಂಬಿ ಹತ್ತಿರದ ಟೊಲೆಯಲ್ಲಿ ಶಸ್ತ್ರಧಾರಿಗಳು ನುಗ್ಗಿ ಅಮ್ಹಾರಾ ಕುಟುಂಬಗಳ ನೂರಾರು ಜನರನ್ನು ಕೊಂದರು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಸರ್ಕಾರ ಒರೊಮೊ ವಿಮೋಚನಾ ಸೇನೆಯ ಮೇಲೆ ಆರೋಪ ಹೊರಿಸಿತು, ಅವರು ನಾವಲ್ಲ ಎಂದರು. ಗಿಂಬಿ ಕಾಫಿಯ ಊರು. ನಮ್ಮ ಬೆಳೆಗಾರರು ಕಪ್ ಟೇಸ್ಟಿಂಗಿನಲ್ಲಿ ಕೇಳಿರುವ ಹೆಸರು. ಅಲ್ಲಿ ಕೊಂದವರ ಕೈ ಯಾವುದೇ ಇರಲಿ, ಸತ್ತವರನ್ನು ಆ ಜಾಗಕ್ಕೆ ತಂದ ವ್ಯವಸ್ಥೆ, ಅವರನ್ನು ಹೊರಗಿನವರು ಎಂದು ಕರೆದ ವ್ಯವಸ್ಥೆ, ಎರಡೂ ಕ್ರಾಂತಿಯಿಂದ ಬಂದದ್ದು.

ವೆಲ್ಕೈತ್‌ನದು ಇನ್ನೊಂದು ಕಥೆ. ಎಳ್ಳು ಬೆಳೆಯುವ ಫಲವತ್ತಾದ ಬಯಲು ಅದು. 1991ರ ಮೊದಲು ಗೊಂಡರ್ ಪ್ರಾಂತ್ಯದಲ್ಲಿತ್ತು, ಆಮೇಲೆ ತಿಗ್ರಾಯ್ ರಾಜ್ಯಕ್ಕೆ ಸೇರಿತು. 2020ರ ನವೆಂಬರ್ 4ರಂದು ಕೇಂದ್ರ ಸರ್ಕಾರಕ್ಕೂ ತಿಗ್ರಾಯ್ ಜನ ವಿಮೋಚನಾ ರಂಗಕ್ಕೂ ತಿಗ್ರಾಯ್ ಯುದ್ಧ ಶುರುವಾದ ಕೂಡಲೇ ಅಮ್ಹಾರಾ ಪಡೆಗಳು ಅದನ್ನು ವಶಕ್ಕೆ ತೆಗೆದುಕೊಂಡವು. ಲಕ್ಷಾಂತರ ತಿಗ್ರಾಯ್ ಜನ ಓಡಬೇಕಾಯಿತು. ಎರಡು ವರ್ಷದ ಆ ಯುದ್ಧದಲ್ಲಿ 6 ಲಕ್ಷದವರೆಗೆ ಜನ ಸತ್ತಿರಬಹುದು ಎಂದು ಆಫ್ರಿಕನ್ ಒಕ್ಕೂಟದ ಪರವಾಗಿ ಮಧ್ಯಸ್ಥಿಕೆ ಮಾಡಿದ ಒಬಾಸಾಂಜೊ ಹೇಳಿದರು. 2022ರ ನವೆಂಬರ್ 2ರ ಪ್ರಿಟೋರಿಯಾ ಒಪ್ಪಂದ ಗುಂಡಿನ ಸದ್ದು ನಿಲ್ಲಿಸಿತು. ವೆಲ್ಕೈತ್ ಯಾರದ್ದು ಎಂಬ ಪ್ರಶ್ನೆಯನ್ನು ಸಂವಿಧಾನದ ಪ್ರಕಾರ ಬಗೆಹರಿಸಿಕೊಳ್ಳಿ ಎಂದು ಬಿಟ್ಟಿತು. ಜಗಳವೇ ಆ ಸಂವಿಧಾನದ ಮೇಲೆ. ಅಮ್ಹಾರಾ ಕಡೆ 2023ರಿಂದ ಫಾನೊ ಎಂಬ ಸಶಸ್ತ್ರ ಗುಂಪುಗಳು ಸರ್ಕಾರದ ವಿರುದ್ಧವೇ ತಿರುಗಿ ಬಿದ್ದಿವೆ. ತಮ್ಮ ಜನರನ್ನು ಹೊರಗಿನವರು ಎನ್ನುವ ಸಂವಿಧಾನದ ಮೇಲಿನ ಸಿಟ್ಟೂ ಅದರ ಹಿಂದಿದೆ.

ಜನಗಣತಿಯ ಗತಿಯನ್ನೂ ನೋಡಿ. 2007ರ ನಂತರ ಇಥಿಯೋಪಿಯಾದಲ್ಲಿ ಜನಗಣತಿ ಆಗಿಲ್ಲ, ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಯಾವ ಜನಾಂಗದವರು ಎಲ್ಲಿ ಎಷ್ಟಿದ್ದಾರೆ ಎಂಬ ಲೆಕ್ಕ ಅಲ್ಲಿ ಜಮೀನಿನ ಲೆಕ್ಕವೂ ಹೌದು, ಅಧಿಕಾರದ ಲೆಕ್ಕವೂ ಹೌದು. ಕಾಫಿಗೆ ಹೆಸರಾದ ಸಿಡಾಮ 2019ರ ನವೆಂಬರಿನಲ್ಲಿ ಜನಮತ ನಡೆಸಿ ಶೇ 98ಕ್ಕೂ ಹೆಚ್ಚು ಮತದಿಂದ ಪ್ರತ್ಯೇಕ ರಾಜ್ಯವಾಯಿತು. 9 ಇದ್ದ ರಾಜ್ಯಗಳು ಈಗ 12.

ಅಬಿ ಅಹ್ಮದ್ ಈ ಪರಂಪರೆಯಿಂದ ಹೊರಬರುತ್ತೇನೆ ಎನ್ನುತ್ತಾರೆ. ಜನಾಂಗವಾರು ಪಕ್ಷಗಳನ್ನು ಕರಗಿಸಿ 2019ರಲ್ಲಿ ಪ್ರಾಸ್ಪೆರಿಟಿ ಪಾರ್ಟಿ ಎಂಬ ಒಂದೇ ಪಕ್ಷ ಕಟ್ಟಿದರು. ಮೆನೆಲಿಕ್‌ನ ಹಳೆಯ ಅರಮನೆಯನ್ನು ಚಂದ ಮಾಡಿ ಜನರಿಗೆ ತೆರೆದರು, ಚಕ್ರವರ್ತಿಗಳಿಗೆ ಮತ್ತೆ ಗೌರವದ ಜಾಗ ಸಿಕ್ಕಿತು. ದಕ್ಷಿಣದವರಿಗೆ ಇದು ಹಳೆಯ ಗಾಯವನ್ನು ಕೆದಕಿದ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೆಲಸದಲ್ಲಿ ಅವರು ನಿಂತಿರುವುದು ದೆರ್ಗ್ ಕಟ್ಟಿದ ಬುನಾದಿಯ ಮೇಲೆಯೇ. 2024ರಲ್ಲಿ ಅಡಿಸ್ ಅಬಾಬದ ಹಳೆಯ ಪಿಯಾಸ್ಸಾ ಬಡಾವಣೆಯನ್ನು ರಸ್ತೆ ಅಗಲೀಕರಣ, ಸೌಂದರ್ಯೀಕರಣ ಎಂದು ಭರದಿಂದ ಕೆಡವಿದರು. ಅಲ್ಲಿ ಬಹಳ ಜನ ಇದ್ದದ್ದು ಕೆಬೆಲೆ ಮನೆಗಳಲ್ಲಿ, ಅಂದರೆ 1975ರ ಜುಲೈನಲ್ಲಿ ನಗರದ ಹೆಚ್ಚುವರಿ ಮನೆಗಳನ್ನು ರಾಷ್ಟ್ರೀಕರಣ ಮಾಡಿದಾಗ ಸರ್ಕಾರಕ್ಕೆ ಬಂದು, ಬಡವರಿಗೆ ಅತಿ ಕಡಿಮೆ ಬಾಡಿಗೆಗೆ ಸಿಕ್ಕ ಮನೆಗಳು. ಕ್ರಾಂತಿ ಆ ಬಡವರಿಗೆ ನಗರದ ನಡುಮಧ್ಯೆ ಸೂರು ಕೊಟ್ಟಿತು. ಒಡೆತನ ಸರ್ಕಾರದ ಬಳಿ ಇದ್ದದ್ದರಿಂದ ಐವತ್ತು ವರ್ಷದ ನಂತರ ಅದೇ ಸರ್ಕಾರ ಅವರನ್ನು ನಗರದ ಅಂಚಿಗೆ ಕಳಿಸಿತು.

ಇಷ್ಟೆಲ್ಲ ಓದಿ, ನಮ್ಮ 1974 ಅವರ 1974ಕ್ಕಿಂತ ಒಳ್ಳೆಯದು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಮನಸ್ಸಿಲ್ಲ. ಇಲ್ಲಿ ಪಹಣಿ ಸಿಕ್ಕವರಿಗೆ ನೆಮ್ಮದಿ ಸಿಕ್ಕಿತು, ರಕ್ತ ಹರಿಯಲಿಲ್ಲ, ಅದು ದೊಡ್ಡ ಮಾತು. ಆದರೆ ಒತ್ತುವರಿ ಮಾಡಿದ ಸರ್ಕಾರಿ ಜಮೀನನ್ನು ಕಾಫಿ ಬೆಳೆಗಾರರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾನೂನು ತಿದ್ದಿದ ಇದೇ ರಾಜ್ಯದಲ್ಲಿ, ಲೈನ್ ಮನೆಯ ಕುಟುಂಬಕ್ಕೆ ಒಂದು ನಿವೇಶನ ಕೊಡಿಸಲು ಇವತ್ತಿಗೂ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರಬೇಕು. ಇಥಿಯೋಪಿಯಾ ಎಲ್ಲರ ಜಮೀನನ್ನೂ ತೆಗೆದುಕೊಂಡು ಯಾರಿಗೂ ಪೂರ್ತಿ ಕೊಡಲಿಲ್ಲ. ನಾವು ಕೆಲವರಿಗೆ ಪೂರ್ತಿ ಕೊಟ್ಟು ಕೆಲವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈಗ ಅಲ್ಲಿ ಏನು ಬದಲಾಗುತ್ತಿದೆ? 2024ರ ಹೊಸ ಗ್ರಾಮೀಣ ಭೂ ಕಾನೂನು ಹಿಡುವಳಿ ಹಕ್ಕನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಲು ದಾರಿ ಮಾಡಿದೆ. ಒಡೆತನವನ್ನು ಮುಟ್ಟಿಲ್ಲ, ಮುಟ್ಟಲು ಸಂವಿಧಾನ ತಿದ್ದಬೇಕು. ಆ ಮಾತು ಎದ್ದಾಗಲೆಲ್ಲ ಭಯಗಳೂ ಏಳುತ್ತವೆ. ಮಾರಾಟಕ್ಕೆ ಬಿಟ್ಟರೆ ಕೊಳ್ಳುವ ದುಡ್ಡಿರುವುದು ನಗರದವರ ಹತ್ತಿರ, ಹಳೆಯ ಒಡೆಯರ ಮಕ್ಕಳು ದುಡ್ಡು ಕೊಟ್ಟು ವಾಪಸ್ ಬರುತ್ತಾರೆ ಎಂದು ಒರೊಮಿಯದ ರೈತ ಹೆದರುತ್ತಾನೆ. ಬಿಡದಿದ್ದರೆ ತನ್ನ ಜಮೀನು ಯಾವತ್ತಿಗೂ ಇನ್ನೊಬ್ಬರ ರಾಜ್ಯದ ಕೃಪೆಯಲ್ಲೇ ಇರುತ್ತದೆ ಎಂದು ವೊಲ್ಲೆಗದ ಅಮ್ಹಾರಾ ರೈತ ಹೆದರುತ್ತಾನೆ. 39ನೇ ಕಲಂ ತೆಗೆದರೆ ತಮ್ಮ ಕೊನೆಯ ರಕ್ಷಣೆ ಹೋಯಿತು ಎಂದು ತಿಗ್ರಾಯ್‌ನಲ್ಲಿ ಹೇಳುತ್ತಾರೆ. ಮೂವರ ಭಯಕ್ಕೂ ನಿಜವಾದ ಕಾರಣಗಳಿವೆ, ಹಾಗಾಗಿ ಅಡಿಸ್ ಅಬಾಬದಲ್ಲಿ ಯಾವ ಪಕ್ಷ ಈ ಎರಡು ಕಲಂಗಳ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಕಾಫಿ ರೇಟಿನ ಜೊತೆಗೇ ನಮ್ಮ ಬೆಳೆಗಾರರು ಗಮನಿಸುತ್ತಿರಬೇಕು.